ಹಕ್ಕುಗಳ ಬಾಯಿಪಾಠ

ಸೂಪರ್‌ವೈಸರ್: ಮಾತಾಡೋ ಸ್ವಾತಂತ್ರ್ಯ ಇದೆ ಅಂತ ಹೇಳು ಅಂದ್ರೆ ಹೇಳಬೇಕು ಅಷ್ಟೆ. ಎದುರು ಮಾತಾಡಬೇಡ!

ಗುಂಡಿಯಕ್ಕ: ಹೇಳ್ತೀನಿ ಸಾರ್. ಯಾವಾಗಿಂದ ಇದೆ ಅಂತ ಕೇಳಿದೆ ಅಷ್ಟೆ. ನಿನ್ನೆ ಸಾಯಂಕಾಲ ಮನೆಗೆ ಹೋಗೋವಾಗ ಇರಲಿಲ್ಲ.

ಅದು ಸಿದ್ಧ ಉಡುಪಿನ ಕಾರ್ಖಾನೆ. ಅಂಗಿಗಳಿಗೆ ಗುಂಡಿ ಹಾಕಿ ಹಾಕಿ ಆಕೆಗೆ ಆ ಹೆಸರೇ ಅಂಟಿಕೊಂಡಿತ್ತು. ಅಂಗಿ ಕೊಳ್ಳುವ ದೊಡ್ಡ ಕಂಪನಿಯವರು, ಹೊಲಿಯುವವರು ನೆಮ್ಮದಿಯಾಗಿದ್ದಾರೋ ಇಲ್ಲವೋ ವಿಚಾರಿಸಿ ಬರಲು ಅಧಿಕಾರಿಯೊಬ್ಬರನ್ನು ಕಳಿಸಿದ್ದರು. ಆ ಅಧಿಕಾರಿ ಇನ್ನೇನು ಬರುವ ಹೊತ್ತು. ಸೂಪರ್‌ವೈಸರ್ ಬೆಳಿಗ್ಗೆಯಿಂದ ಹೊಲಿಗೆ ಯಂತ್ರಗಳ ನಡುವೆ ನಿಂತು, ಬೆವರು ಒರೆಸಿಕೊಳ್ಳುತ್ತಾ ಹೆಂಗಸರಿಗೆಲ್ಲ ಅವರವರ ಹಕ್ಕುಗಳನ್ನು ಬಾಯಿಪಾಠ ಮಾಡಿಸುತ್ತಿದ್ದ.

ಸೂಪರ್‌ವೈಸರ್: ಇಲ್ಲಿ ಬಲವಂತ ಏನಾದ್ರೂ ಇದೆಯಾ ಅಂತ ಮೇಡಂ ಕೇಳ್ತಾರೆ. ಏನಂತೀಯ?

ಗುಂಡಿಯಕ್ಕ: ಇಲ್ಲ ಅಂತೀನಿ.

ಸೂಪರ್‌ವೈಸರ್: ಭೇಷ್!

ಗುಂಡಿಯಕ್ಕ: ಅನ್ನದಿದ್ರೆ?

ಸೂಪರ್‌ವೈಸರ್: ನಾಳೆಯಿಂದ ಬರಬೇಡ.

ಗುಂಡಿಯಕ್ಕ: ಹಾಗಾದ್ರೆ ಖುಷಿಯಿಂದ ಅಂತೀನಿ ಸಾರ್.

ಸೂಪರ್‌ವೈಸರ್: ಆ 'ಖುಷಿಯಿಂದ' ಅನ್ನೋದನ್ನೂ ಸೇರಿಸ್ಕೋ. ಚೆನ್ನಾಗಿದೆ.

ಗುಂಡಿಯಕ್ಕ: ಬಾತ್ರೂಮಿನ ಬೀಗದ ವಿಷಯ ಕೇಳಿದ್ರೆ?

ಸೂಪರ್‌ವೈಸರ್: ಬೀಗ ಯಾಕೆ ಬಂತು ಈಗ?

ಗುಂಡಿಯಕ್ಕ: ನಾವೂ ಅದನ್ನೇ ಕೇಳ್ತಿರೋದು ಸಾರ್, ಯಾಕೆ ಬಂತು ಅಂತ.

ಸೂಪರ್‌ವೈಸರ್: ಒಳಗೆ ಹೋದ್ರೆ ನೀವು ಅಲ್ಲೇ ಬೇರು ಬಿಡ್ತೀರ. ಟಾರ್ಗೆಟ್ ಯಾರು ಮುಟ್ಟಿಸ್ತಾರೆ, ನಮ್ಮಪ್ಪನಾ? ಊಟದ ಹೊತ್ತಿಗೆ ತೆಗೀತೀನಲ್ಲ!

ಗುಂಡಿಯಕ್ಕ: ಹೊಟ್ಟೆಗೆ ಗಡಿಯಾರ ನೋಡೋಕೆ ಬರಲ್ಲ ಸಾರ್.

ಸುತ್ತಲಿನವರು ಕಿಸಕ್ಕನೆ ನಕ್ಕರು. ನಗುವ ವಿಷಯವೇನೂ ಅಲ್ಲ. ಚೆನ್ನಾಗಿ ನೀರು ಕುಡಿ ಎಂದು ಡಾಕ್ಟರು ಗದರಿದ್ದರೂ ಗುಂಡಿಯಕ್ಕ ಕೆಲಸಕ್ಕೆ ಬಂದ ಮೇಲೆ ಗುಟುಕು ನೀರು ಮುಟ್ಟುತ್ತಿರಲಿಲ್ಲ. ಪಕ್ಕದ ಯಂತ್ರದಲ್ಲಿ ತುಂಬು ಬಸುರಿಯೊಬ್ಬಳು ತುಟಿ ಕಚ್ಚಿಕೊಂಡು ಕೂತಿದ್ದಳು. ಆಚೆ ಯಂತ್ರದ ಕುರ್ಚಿ ಖಾಲಿ. ಕಾಲರ್ ಹೊಲಿಯುತ್ತಿದ್ದವಳು ಬೀಗದ ಬಗ್ಗೆ ದನಿಯೇರಿಸಿ ಕೇಳಿದ ದಿನವೇ ಸಂಜೆ ಅವಳ ಲೆಕ್ಕ ಚುಕ್ತಾ ಆಗಿತ್ತು. ಅದಕ್ಕೇ ಗುಂಡಿಯಕ್ಕ ತನ್ನ ಸಿಟ್ಟನ್ನೆಲ್ಲ ತಮಾಷೆಯಲ್ಲಿ ಸುತ್ತಿ ಕೊಡುತ್ತಿದ್ದಳು.

ಅಧಿಕಾರಿ ಬಂದರು. ಸಾಲು ನೋಡುತ್ತಾ ನೋಡುತ್ತಾ ಗುಂಡಿಯಕ್ಕನ ಎದುರಿಗೇ ನಿಂತರು. ಸೂಪರ್‌ವೈಸರ್ ಅವರ ನೆರಳಿಗೂ ಜಾಗ ಬಿಡದೆ ಪಕ್ಕದಲ್ಲೇ ನಿಂತ.

ಅಧಿಕಾರಿ: ಹೆದರ್ಕೋಬೇಡಮ್ಮ. ಇಲ್ಲಿ ಮಾತಾಡೋ ಸ್ವಾತಂತ್ರ್ಯ ಇದೆಯಾ?

ಗುಂಡಿಯಕ್ಕ: ಇದೆ ಮೇಡಂ. ಬೆಳಿಗ್ಗೆಯಿಂದ ಇದೆ.

ಸೂಪರ್‌ವೈಸರ್: (ಕೆಮ್ಮುತ್ತಾ) ಮೊದಲಿಂದಾನೂ ಇದೆ ಮೇಡಂ!

ಅಧಿಕಾರಿ: ಹೀಗೆ ಹೇಳು ಅಂತ ಯಾರಾದ್ರೂ ಹೇಳಿಕೊಟ್ರಾ?

ಗುಂಡಿಯಕ್ಕ: ಇಲ್ಲ ಮೇಡಂ. ಯಾರೂ ಹೇಳಿಕೊಟ್ಟಿಲ್ಲ ಅಂತಾನೇ ಹೇಳಿಕೊಟ್ಟಿದ್ದಾರೆ.

ಅಕ್ಕಪಕ್ಕದ ಯಂತ್ರಗಳ ಸದ್ದು ನಿಂತಿತು.

ಸೂಪರ್‌ವೈಸರ್: ಇವಳು ಭಾರಿ ತಮಾಷೆ ಮೇಡಂ.

ಅಧಿಕಾರಿ: ನೀವು ಸ್ವಲ್ಪ ಆಚೆ ಹೋಗಿ.

ಸೂಪರ್‌ವೈಸರ್: ನಾನು ಆಚೆ ಹೋದ್ರೆ ಇವಳಿಗೆ ಮಾತಾಡೋಕೆ ಭಯ ಆಗುತ್ತೆ ಮೇಡಂ!

ಗುಂಡಿಯಕ್ಕ ಖಾಲಿ ಕುರ್ಚಿಯ ಕಡೆ ನೋಡಿದಳು. ಹೂಂ ಅಂದುಬಿಟ್ಟರೆ ಕೆಲಸ ಉಳಿಯುತ್ತದೆ. ಪಕ್ಕದ ಬಸುರಿ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಅದನ್ನು ಕಂಡಿದ್ದೇ, ಗುಂಡಿಯಕ್ಕನಿಗೆ ತಮಾಷೆಯೆಲ್ಲ ಮರೆತುಹೋಯಿತು.

ಗುಂಡಿಯಕ್ಕ: ಬಾತ್ರೂಮಿಗೆ ಬೀಗ ಹಾಕಿದ್ದಾರೆ ಮೇಡಂ. ಈ ಹುಡುಗಿ ಬೆಳಿಗ್ಗೆಯಿಂದ ಕೇಳ್ತಿದ್ದಾಳೆ.

ಅಧಿಕಾರಿ: (ಸೂಪರ್‌ವೈಸರ್ ಕಡೆ ತಿರುಗಿ) ಬೀಗ ಯಾಕೆ?

ಸೂಪರ್‌ವೈಸರ್: ಸುರಕ್ಷತೆಗೆ ಮೇಡಂ.

ಅಧಿಕಾರಿ: ಯಾರ ಸುರಕ್ಷತೆ?

ಸೂಪರ್‌ವೈಸರ್: ಬಾತ್ರೂಮಿಂದು.

ಅಧಿಕಾರಿ: ಅದನ್ನ ಯಾರಾದ್ರೂ ಕದ್ದುಕೊಂಡು ಹೋಗ್ತಾರಾ?

ಸೂಪರ್‌ವೈಸರ್: ಟೈಮ್ ಕದೀತಾರೆ ಮೇಡಂ.

ಅಧಿಕಾರಿ: ಬೀಗ ತೆಗೀರಿ, ಈಗಲೇ. ಮತ್ತೆ ಹಾಕಿದ್ರೆ ಇಲ್ಲಿಂದ ಒಂದು ಅಂಗಿಯೂ ಹೊರಗೆ ಹೋಗಲ್ಲ. ನಾಳೆ ಬಂದು ನೋಡ್ತೀನಿ, ಈ ಅಕ್ಕ ಇದೇ ಜಾಗದಲ್ಲಿ ಕೂತಿರಬೇಕು.

ಸೂಪರ್‌ವೈಸರ್ ನಿಂತಲ್ಲಿಂದಲೇ ಕೀಲಿ ಕೊಟ್ಟು ಬೀಗ ತೆಗೆಸಿ ತರಿಸಿದ. ಅಧಿಕಾರಿ ಅದನ್ನು ತಮ್ಮ ಚೀಲಕ್ಕೆ ಹಾಕಿಕೊಂಡು, ಯಜಮಾನರನ್ನು ಕಾಣಲು ಮಹಡಿ ಹತ್ತಿದರು. ಯಂತ್ರಗಳು ಒಂದರ ಹಿಂದೊಂದು ನಿಂತವು. ಬಸುರಿಯನ್ನು ಮುಂದೆ ಬಿಟ್ಟು ಹೆಂಗಸರೆಲ್ಲ ಸಾಲುಗಟ್ಟಿದರು. ಆ ಇಡೀ ಅಂತಸ್ತಿಗೆ, ಹೆಂಗಸರಿಗಾಗಲಿ ಗಂಡಸರಿಗಾಗಲಿ, ಇದ್ದದ್ದು ಅದೊಂದೇ ಬಾತ್ರೂಮು. ತಾನು ಅತ್ತ ಹೋದರೆ ಇವರು ಇತ್ತ ಏನು ಬಾಯಿ ಬಿಡುತ್ತಾರೋ ಎಂಬ ಹೆದರಿಕೆಯಲ್ಲಿ ಸೂಪರ್‌ವೈಸರ್ ಕೂಡ ಬೆಳಗಿನಿಂದ ಜಾಗ ಬಿಟ್ಟು ಕದಲಿರಲಿಲ್ಲ. ಈಗ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಗುಂಡಿಯಕ್ಕನ ಪಕ್ಕ ಬಂದು ನಿಂತ.

ಸೂಪರ್‌ವೈಸರ್: ಅಕ್ಕ... ಸ್ವಲ್ಪ ಮುಂದೆ ಬಿಡಕ್ಕ. ತಡಕೊಳ್ಳೋಕಾಗ್ತಿಲ್ಲ.

ಗುಂಡಿಯಕ್ಕ: ಅಯ್ಯೋ ಪಾಪ! ಎಲ್ಲಾ ಹಕ್ಕೂ ಕಲಿಸಿದ್ರಿ, ಸಮಾನತೆ ಅನ್ನೋದೊಂದು ಬಿಟ್ಟೇಬಿಟ್ರಲ್ಲ ಸಾರ್. ಹೋಗಿ, ಅದು ಸಾಲಿನ ಕೊನೇಲಿ ಸಿಗುತ್ತೆ.