ಕಲ್ಯಾಣ ಮಂಟಪದಲ್ಲಿ ಗಾಲಿ ಪರೀಕ್ಷೆ

ಗಾಲಿಯ ಬೂಟು ಕಟ್ಟಿಕೊಂಡು ಫಿಗರ್ ಸ್ಕೇಟಿಂಗ್ ಪರೀಕ್ಷೆಗೆ ಹೋಗುವವರು ಏನನ್ನು ಎದುರುನೋಡಬೇಕೆಂದು ನಿಯಮಾವಳಿಯಲ್ಲಿ ಸ್ಪಷ್ಟವಾಗಿಯೇ ಬರೆದಿರುತ್ತದೆ. ನೆಲದ ಮೇಲೆ ಬರೆದ ವೃತ್ತದ ಗೆರೆಯನ್ನು ಒಂಟಿಗಾಲಿನಲ್ಲಿ ಅನುಸರಿಸಬೇಕು, ಹಿಮ್ಮುಖವಾಗಿ ಚಲಿಸಬೇಕು, ಕೊನೆಗೆ ಸಂಗೀತಕ್ಕೆ ಹೊಂದಿಕೊಂಡು ಒಂದು ಪುಟ್ಟ ಪ್ರದರ್ಶನ ಕೊಡಬೇಕು. ಪರೀಕ್ಷಕರು ಮಾತನಾಡುವುದಿಲ್ಲ, ಬರೆದುಕೊಳ್ಳುತ್ತಾರೆ. ಆದರೆ ಪರೀಕ್ಷೆ ನಮ್ಮೂರು ಕೊಪ್ಪದಲ್ಲಿ ನಡೆದರೆ, ನಿಯಮ ಬರೆದವರು ಕನಸಿನಲ್ಲಿಯೂ ಕಾಣದ ಸಂಗತಿಗಳು ಒಂದರ ಬೆನ್ನಿಗೊಂದು ನಡೆಯುತ್ತಲೇ ಇರುತ್ತವೆ.

ಕನ್ನಡ ಎಂ.ಎ. ಮುಗಿಸಿದ ಹುಡುಗಿ ನಾನು, ಸಾಹಿತ್ಯವನ್ನು ಮನೆಮನೆಗೆ ತಲುಪಿಸುವ ಸಂಕಲ್ಪದೊಂದಿಗೆ ಊರಿಗೆ ಮರಳಿದ ವರ್ಷ ಅದು. ಆ ವರ್ಷ ನಾನು ತಲುಪಿಸಿದ್ದು ಮುಖ್ಯವಾಗಿ ಸ್ಕೇಟ್ಸ್ ತುಂಬಿದ ಗೋಣಿಚೀಲಗಳನ್ನು.

ಚಪ್ಪಲಿಯೋ ಗಾಡಿಯೋ

ನಮ್ಮ ಅತ್ತಿಗೆ ಮದುವೆಯಾಗಿ ಬಂದಾಗ ಸೀರೆಗಳ ಪೆಟ್ಟಿಗೆಯ ತಳದಲ್ಲಿ ಒಂದು ಜೊತೆ ಗಾಲಿಯ ಬೂಟುಗಳನ್ನೂ ತಂದಿದ್ದಳು. ಹೊರದೇಶದವರು ಮಂಜುಗಡ್ಡೆಯ ಮೇಲೆ ಆಡುವ ಆಟವನ್ನು ಅವಳು ಮೈಸೂರಿನಲ್ಲಿ ಸಿಮೆಂಟು ನೆಲದ ಮೇಲೆ ಕಲಿತಿದ್ದಳು. ಕೊಪ್ಪದಲ್ಲಿ ಅಷ್ಟು ನುಣುಪಾದ ನೆಲವಿದ್ದದ್ದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಮಾತ್ರ. ಮದುವೆಯಿಲ್ಲದ ಭಾನುವಾರಗಳಂದು ಅಲ್ಲಿ ಮಕ್ಕಳಿಗೆ ಕಲಿಸಲು ಅನುಮತಿ ಕೇಳಲು ನಾವಿಬ್ಬರೂ ಹೋದೆವು.

ಮಂಟಪದ ಮ್ಯಾನೇಜರು ಸ್ಕೇಟನ್ನು ಕೈಯಲ್ಲಿ ಹಿಡಿದು ಎಲ್ಲ ಕೋನಗಳಿಂದಲೂ ಪರಿಶೀಲಿಸಿದರು.

"ಇದು ಚಪ್ಪಲಿಯಾ, ಗಾಡಿಯಾ?"

"ಎರಡೂ ಅಂತ ಇಟ್ಕೊಳ್ಳಿ," ಎಂದಳು ಅತ್ತಿಗೆ.

"ಹಂಗೆಲ್ಲ ಆಗಲ್ಲ ಮಾರಾಯ್ರೆ. ಚಪ್ಪಲಿಯಾದ್ರೆ ಬಾಗಿಲಲ್ಲಿ ಬಿಡ್ಬೇಕು. ಗಾಡಿಯಾದ್ರೆ ಹೊರಗೆ ನಿಲ್ಲಿಸ್ಬೇಕು. ಎರಡೂ ಆದ್ರೆ ಕಾಂಪೌಂಡಿನ ಒಳಗೇ ಬರೋ ಹಂಗಿಲ್ಲ."

ತರ್ಕ ನಿರ್ದುಷ್ಟವಾಗಿತ್ತು. ಅಷ್ಟರಲ್ಲಿ ಅವರ ಹೆಬ್ಬೆರಳು ಗಾಲಿಗಳ ನಡುವೆ ಏನನ್ನೋ ಸವರಿ ನಿಂತಿತು. ಆಯುಧಪೂಜೆಯಂದು ನಮ್ಮ ಅಮ್ಮ, "ಗಾಲಿ ಅಂದ್ಮೇಲೆ ಗಾಲಿಯೇ, ಸಣ್ಣದಾದ್ರೆ ಎಂತಾಯ್ತು?" ಎಂದು ಸೊಸೆಯ ಸ್ಕೇಟ್ಸನ್ನು ಜೀಪಿನ ಪಕ್ಕದಲ್ಲಿಟ್ಟು, ಒಂದೊಂದು ಗಾಲಿಗೂ ಒಂದೊಂದು ನಿಂಬೆಹಣ್ಣು ಕೊಟ್ಟು, ಕುಂಕುಮ ಹಚ್ಚಿದ್ದಳು.

ಮ್ಯಾನೇಜರು ಸ್ಕೇಟನ್ನು ಒಮ್ಮೆ ಕಣ್ಣಿಗೊತ್ತಿಕೊಂಡು ಮೇಜಿನ ಮೇಲಿಟ್ಟರು.

"ಪೂಜೆ ಆದದ್ದು ಅಂತ ಮೊದಲೇ ಹೇಳ್ಬಾರ್ದಾ? ಕುಂಕುಮ ಹಚ್ಚಿದ್ದನ್ನ ಹೊರಗಿಟ್ಟು ಯಾರು ಪಾಪ ಕಟ್ಕೊಳ್ತಾರೆ?"

ಆಮೇಲೆ ಸೇರಿದ ಪ್ರತಿಯೊಂದು ಮಗುವಿನ ಸ್ಕೇಟನ್ನೂ ಅವರು ಬಾಗಿಲಲ್ಲಿ ತಿರುವಿ ನೋಡಿ, ಕುಂಕುಮವಿದ್ದರೆ ಮಾತ್ರ ಒಳಗೆ ಬಿಡುತ್ತಿದ್ದರು. ಕುಂಕುಮವಿಲ್ಲದೆ ಬಂದವರಿಗಾಗಿ ಕುಂಕುಮದ ಕರಡಿಗೆಯೊಂದನ್ನು ತಾವೇ ಇಟ್ಟುಕೊಂಡಿದ್ದರು.

ಪರೀಕ್ಷಕರ ಕುರ್ಚಿ

ನಮ್ಮ ತರಗತಿಯ ಮುತ್ತೆಂದರೆ ನರಸಿಂಹರಾಜಪುರದ ಬಳೆ ಅಂಗಡಿಯವರ ಮಗಳು. ಪ್ರತಿ ಭಾನುವಾರ ತಂದೆಯ ಜೊತೆ ಬಸ್ಸಿನಲ್ಲಿ ಬರುತ್ತಿದ್ದಳು. ಗಾಲಿಯ ಮೇಲೆ ನಿಂತಳೆಂದರೆ ನೋಡುವವರ ಉಸಿರು ನಿಧಾನವಾಗುತ್ತಿತ್ತು. ಅವಳಿಗಿದ್ದ ಕೊರತೆ ಒಂದೇ: ಅಪರಿಚಿತರ ಕಣ್ಣು ಬಿದ್ದ ತಕ್ಷಣ ಕಂಬವಾಗಿಬಿಡುವುದು. ಹಿಂದಿನ ಸಲ ಶಿವಮೊಗ್ಗದ ಪರೀಕ್ಷೆಯಲ್ಲಿ ಪರೀಕ್ಷಕರು ಕನ್ನಡಕ ಹಾಕಿಕೊಂಡದ್ದನ್ನು ಕಂಡದ್ದೇ, ಹೆಜ್ಜೆಯನ್ನೇ ಎತ್ತದೆ ಹಿಂದಿರುಗಿದ್ದಳು.

ಈ ಸಲ ಪರೀಕ್ಷೆ ನಮ್ಮ ಮಂಟಪದಲ್ಲೇ ನಡೆಯುವುದಿತ್ತು, ಮತ್ತೆ ಹಾಗಾಗಲು ಬಿಡುವಂತಿರಲಿಲ್ಲ. ಅಣ್ಣನಿಗೆ ವರ್ಗವಾಗಿ, ಅತ್ತಿಗೆ ಬೇಸಿಗೆಯ ಕೊನೆಗೆ ಊರು ಬಿಡುವವಳಿದ್ದಳು. ಮೊದಲ ಹಂತ ಪಾಸಾದರೆ ಈ ಹುಡುಗಿಯನ್ನು ತಮ್ಮ ತಂಡಕ್ಕೆ ಸೇರಿಸಿಕೊಳ್ಳುವುದಾಗಿ ಶಿವಮೊಗ್ಗದ ತರಬೇತುದಾರರು ಹೇಳಿದ್ದರು. ಪಾಸಾಗದಿದ್ದರೆ ಅವಳ ಸ್ಕೇಟ್ಸ್ ಅಟ್ಟ ಸೇರುವುದು ಖಂಡಿತವಾಗಿತ್ತು.

"ಅಪರಿಚಿತರನ್ನು ಅಭ್ಯಾಸ ಮಾಡಿಸೋಣ," ಎಂದು ಅತ್ತಿಗೆ ನಿರ್ಧರಿಸಿದಳು. ಹಾಲಿನ ತುದಿಯಲ್ಲಿ ಒಂದು ಕುರ್ಚಿ ಹಾಕಿ, ವಾರಕ್ಕೊಬ್ಬರನ್ನು ಪರೀಕ್ಷಕರಾಗಿ ಕೂರಿಸತೊಡಗಿದಳು. ಸುಮ್ಮನೆ ನೋಡುವುದಷ್ಟೇ ಕೆಲಸ.

ಸುಮ್ಮನಿರುವುದು ನಮ್ಮವರಿಗೆ ಅಷ್ಟು ಸುಲಭವಲ್ಲ. ಮ್ಯಾನೇಜರು ಕೂತ ದಿನ ಪ್ರತಿ ಮಗುವನ್ನೂ ವೃತ್ತದ ಅರ್ಧದಲ್ಲಿ ನಿಲ್ಲಿಸಿ, "ನೀನು ಯಾರ ಮನೆಯದು? ಅಜ್ಜಿ ಮನೆ ಎಲ್ಲಿ?" ಎಂದು ವಿಚಾರಿಸಿ, ಇಬ್ಬರನ್ನು ದೂರದ ಸಂಬಂಧಿಗಳೆಂದು ಪತ್ತೆಹಚ್ಚಿ ಏಲಕ್ಕಿ ಬಾಳೆಹಣ್ಣು ಕೊಟ್ಟು ಕಳಿಸಿದರು. ಮಂಟಪದ ಅಡುಗೆಯವರು ಕೂತ ದಿನ ಒಂದು ಮಗು ಮುಗಿಸುವ ಮೊದಲೇ, "ಮುಂದಿನ ಪಂಕ್ತಿ ಬರ್ಲಿ!" ಎಂದು ಕೂಗಿ ನಾಲ್ವರನ್ನು ಒಟ್ಟಿಗೆ ಕಣಕ್ಕಿಳಿಸಿದರು.

ಆದರೆ ಮರೆಯಲಾಗದ ಪರೀಕ್ಷಕರೆಂದರೆ ನರಸಿಂಹರಾಜಪುರದ ಬಸ್ಸಿನ ಕಂಡಕ್ಟರು. ಬಸ್ಸು ಹೊರಡಲು ಸಮಯವಿದ್ದುದರಿಂದ ಅತ್ತಿಗೆ ಅವರನ್ನು ಹಿಡಿದು ತಂದಿದ್ದಳು. ನಮ್ಮ ಬಳೆ ಅಂಗಡಿಯ ಹುಡುಗಿ ಹಿಮ್ಮುಖ ಚಲನೆಗೆ ನಿಂತಳು. ಕುರ್ಚಿಯ ಕಡೆ ನೋಡಿದಳು. ಕಂಬವಾದಳು.

ಯಾವುದೋ ವಾಹನ ಹಿಂದಕ್ಕೆ ಹೋಗಬೇಕಾಗಿದೆ, ಹೋಗುತ್ತಿಲ್ಲ ಎಂಬುದಷ್ಟೇ ಕಂಡಕ್ಟರಿಗೆ ಅರ್ಥವಾಗಿರಬೇಕು. ತಮಗರಿವಿಲ್ಲದೆಯೇ ಕುರ್ಚಿಯ ಕೈಯನ್ನು ಅಂಗೈಯಿಂದ ತಟ್ಟತೊಡಗಿದರು.

"ಬರ್ಲಿ... ಬರ್ಲಿ... ಬರ್ಲಿ... ಸ್ವಲ್ಪ ಲೆಫ್ಟು... ಬರ್ಲಿ ಬರ್ಲಿ... ಹೋಲ್ಡಾನ್!"

ಹುಡುಗಿ ಹಾಲಿನ ಆ ತುದಿಯವರೆಗೆ ನೂಲು ಹಿಡಿದಂತೆ ಹಿಂದಕ್ಕೆ ಸರಿದು, 'ಹೋಲ್ಡಾನ್' ಎಂದಲ್ಲಿ ಗೋಡೆಗೆ ಒಂದು ಗೇಣು ಬಿಟ್ಟು ನಿಂತಿದ್ದಳು. ಅಪರಿಚಿತರೆದುರು ಅವಳು ಮಾಡಿದ ಮೊದಲ ಚಲನೆ ಅದು. ಅತ್ತಿಗೆಯ ಕಣ್ಣು ತುಂಬಿತು. ಕಂಡಕ್ಟರು ಮಾತ್ರ ಎದ್ದು ನಿಂತು ಟಿಕೆಟ್ ಚೀಲ ಸರಿಪಡಿಸಿಕೊಳ್ಳುತ್ತ ಹೇಳಿದರು: "ಡ್ರೈವರ್ ಒಳ್ಳೇದುಂಟು. ಆದ್ರೆ ತಿರುವಿನಲ್ಲಿ ಹಾರ್ನ್ ಮಾಡ್ಲಿಲ್ಲ."

ಪಾಪದ ಹೊಣೆ

ಪರೀಕ್ಷೆಯ ಹಿಂದಿನ ಸಂಜೆ ನಾನೂ ಅತ್ತಿಗೆಯೂ ಮೊಳೆ, ದಾರ, ಸೀಮೆಸುಣ್ಣ ಹಿಡಿದು ಒಂದಕ್ಕೊಂದು ತಾಗಿದ ಎರಡು ದೊಡ್ಡ ವೃತ್ತಗಳನ್ನು ಬರೆದೆವು. ಬೆಳಿಗ್ಗೆ ನಿಜವಾದ ಪರೀಕ್ಷಕರನ್ನು ಕರೆದುಕೊಂಡು ಒಳಗೆ ಬಂದರೆ, ವೃತ್ತಗಳು ಕಮಲಗಳಾಗಿದ್ದವು. ಗೆರೆಯುದ್ದಕ್ಕೂ ರಂಗೋಲಿಪುಡಿ, ಒಳಗೆ ದಳಗಳು, ಅಲ್ಲಲ್ಲಿ ಅರಿಶಿನ ಕುಂಕುಮ, ನಡುವೆ ಒಂದು ದಾಸವಾಳ.

ಮ್ಯಾನೇಜರ ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. "ಮಕ್ಕಳಿಗೆ ಪರೀಕ್ಷೆ ಅಂತೀರಿ, ನೆಲದ ಮೇಲೆ ಎರಡು ಸೊನ್ನೆ ಬರೆದಿಟ್ಟು ಹೋಗಿದೀರಿ! ನಂಗೆ ನಿದ್ದೆ ಹತ್ಲಿಲ್ಲ. ಬೆಳಗಾಗೋದ್ರೊಳಗೆ ತುಂಬಿಸ್ದೆ."

ಪರೀಕ್ಷಕರು ವಯಸ್ಸಾದವರು, ಮಿತಭಾಷಿ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗೆರೆ ಗೆರೆಯೇ ತಾನೆ ಎಂದು ಪರೀಕ್ಷೆ ಆರಂಭಿಸಿದರು. ಮೊದಲ ಮಗು ಗೆರೆಯಿಂದ ಒಂದು ಅಡಿ ದೂರದಲ್ಲಿ, ಅದಕ್ಕೆ ಸಮಾನಾಂತರವಾಗಿ, ಅತ್ಯಂತ ಭಕ್ತಿಯಿಂದ ಸುತ್ತು ಹಾಕಿತು. ಎರಡನೆಯದೂ ಹಾಗೆಯೇ.

"ಗೆರೆಯ ಮೇಲೆ ಬರಬೇಕು ಮಗು."

"ರಂಗೋಲಿ ತುಳಿದ್ರೆ ಪಾಪ ಬರ್ತದೆ ಸರ್."

ಅಳಿಸೋಣವೆಂದು ಅತ್ತಿಗೆ ಪೊರಕೆ ತಂದಳು. ಶುಭಕಾರ್ಯದ ನಡುವೆ ರಂಗೋಲಿ ಅಳಿಸುವುದೇ ಎಂದು ತಾಯಂದಿರೆಲ್ಲ ಒಂದೇ ದನಿಯಲ್ಲಿ ಉಸಿರೆಳೆದುಕೊಂಡರು. ಪರೀಕ್ಷಕರು ಮ್ಯಾನೇಜರ ಹೆಂಡತಿಯತ್ತ ತಿರುಗಿ ಕೇಳಿದರು, "ತಾಯೀ, ಇದಕ್ಕೆ ಏನಾದರೂ ದಾರಿ ಉಂಟೆ?"

"ದೊಡ್ಡವರು ಯಾರಾದ್ರೂ ಮೊದಲು ತುಳಿದ್ರೆ ಮಕ್ಕಳಿಗೆ ತಾಗೋದಿಲ್ಲ ಅಂತಾರೆ," ಎಂದರು ಆಕೆ, ಆಗಷ್ಟೇ ಆ ಶಾಸ್ತ್ರವನ್ನು ಕಟ್ಟಿದ ಮುಖಭಾವದಲ್ಲಿ.

ಪರೀಕ್ಷಕರು ಪೆನ್ನು ಕೆಳಗಿಟ್ಟರು. ಪ್ಯಾಂಟಿನ ಅಂಚನ್ನು ಮಡಚಿದರು. ಬರಿಗಾಲಿನಲ್ಲಿ, ಕೈ ಎರಡೂ ಪಕ್ಕಕ್ಕೆ ಚಾಚಿ, ಎರಡೂ ವೃತ್ತಗಳ ಗೆರೆಯ ಮೇಲೆ ಪೂರ್ತಿ ಒಂದು ಸುತ್ತು ನಡೆದು ಬಂದು ಹೇಳಿದರು: "ಪಾಪವೆಲ್ಲ ನನ್ನ ಹೆಸರಿಗೆ ಆಯಿತು. ಇನ್ನು ಬನ್ನಿ ಮಕ್ಕಳೇ."

ಅವರ ಪಾದಗಳು ಗೃಹಪ್ರವೇಶ ಮಾಡಿದ ಹೊಸ ಸೊಸೆಯ ಪಾದಗಳಂತೆ ದಿನವಿಡೀ ಕೆಂಪಾಗಿದ್ದವು.

ಮಂಗಳ

ಬೇಗಾರು ಊರಿನ ಪುಟ್ಟ ಹುಡುಗಿಯೊಬ್ಬಳು ಸಂಗೀತದ ಸುತ್ತಿಗೆ ಇಳಿದಾಗ ಕರೆಂಟು ಹೋಯಿತು. ಟೇಪ್‌ರೆಕಾರ್ಡರು ನರಳಿ ಮೌನವಾಯಿತು. ಇಂಥ ಸಂದರ್ಭದಲ್ಲಿ ಅಭ್ಯರ್ಥಿ ನಿಂತು, ಮತ್ತೆ ಮೊದಲಿನಿಂದ ಆರಂಭಿಸಬಹುದು ಎಂಬ ನಿಯಮವುಂಟು. ಆದರೆ ಅವಳ ಅಜ್ಜನಿಗೆ ನಿಯಮ ಗೊತ್ತಿರಲಿಲ್ಲ. ಊರಿನ ಭಜನೆಯಲ್ಲಿ ಮುಂದೆ ಕೂರುವ ಅಜ್ಜ ಕುರ್ಚಿಯ ಬೆನ್ನಿನ ಮೇಲೆ ತಾಳ ಹಾಕಿ, ದೇವರನಾಮವೊಂದನ್ನು ಎತ್ತಿಕೊಂಡೇಬಿಟ್ಟರು.

ಹುಡುಗಿ ಆ ಲಯಕ್ಕೆ ಸುತ್ತತೊಡಗಿದಳು. ಪಕ್ಕದವರು ದನಿಗೂಡಿಸಿದರು. ಎರಡನೆಯ ನುಡಿಯ ಹೊತ್ತಿಗೆ ಕರೆಂಟು ಬಂದು ಟೇಪು ತನ್ನ ಹಾಡನ್ನು ಮುಂದುವರಿಸಿತು. ಅದನ್ನು ಯಾರೋ ಸಿಟ್ಟಿನಿಂದ ಆರಿಸಿದರು. ತಲೆ ತಿರುಗಿದ ಹುಡುಗಿ, "ಅಜ್ಜ, ಸಾಕಾ?" ಎಂದು ಕೂಗಿದಳು.

"ತಿರುಗ್ತಾ ಇರು ಕೂಸೇ, ಇನ್ನೂ ಮಂಗಳ ಆಗಿಲ್ಲೆ!"

ಮಂಗಳ ಆರಂಭವಾದಾಗ ಹಾಲಿಗೆ ಹಾಲೇ ಎದ್ದು ನಿಂತಿತು. ಪರೀಕ್ಷಕರೂ ನಿಂತರು. ಹಾಡು ಮುಗಿದದ್ದೇ ತಡ, ಮಕ್ಕಳೆಲ್ಲ ಅಭ್ಯಾಸಬಲದಿಂದ ಅವರ ಮೇಜಿನ ಮುಂದೆ ಸಾಲಾಗಿ ಬಂದು ಬಲಗೈ ಒಡ್ಡಿದರು. ಅವರು ಗಲಿಬಿಲಿಗೊಂಡು ಜೇಬು ತಡಕಿ, ಘಾಟಿಯ ತಿರುವುಗಳಿಗೆಂದು ಇಟ್ಟುಕೊಂಡಿದ್ದ ಪೆಪ್ಪರ್‌ಮಿಂಟುಗಳನ್ನು ಒಂದೊಂದಾಗಿ ಹಂಚಿದರು. ಎರಡನೆಯ ಸಲ ಕೈ ಒಡ್ಡಿದವರೂ ಇದ್ದರು.

ಓಡಿದವರು

ಪರೀಕ್ಷೆಗೆ ಮೊದಲು, ಬಿದ್ದವರ ಬಗೆಗಿನ ನಿಯಮವನ್ನು ಕನ್ನಡಕ್ಕೆ ತಂದು ಮೈಕಿನಲ್ಲಿ ಓದುವುದು ನನ್ನ ಪಾಲಿನ ಕೆಲಸವಾಗಿತ್ತು. "ಅಭ್ಯರ್ಥಿಯು ಪತನಗೊಂಡಲ್ಲಿ ಅದು ಅನುತ್ತೀರ್ಣತೆಗೆ ಕಾರಣವಾಗತಕ್ಕದ್ದಲ್ಲ, ಅನ್ಯರ ನೆರವಿಲ್ಲದೆ ಸ್ವಯಂ ಉತ್ಥಾನಗೊಂಡು ಮುಂದುವರಿಯತಕ್ಕದ್ದು," ಎಂದು ಓದಿದೆ. ಪೋಷಕರ ಮುಖಗಳು ಕಳೆಗುಂದಿದವು. ಅತ್ತಿಗೆ ಮೈಕು ಕಿತ್ತುಕೊಂಡಳು. "ಮಾರಾಯ್ತಿ, ಸಾವಿನ ಸುದ್ದಿ ಹೇಳ್ದಂಗೆ ಹೇಳ್ಬೇಡ. ನೋಡಿ, ಮಕ್ಕಳು ಬಿದ್ರೆ ಪರ್ವಾಗಿಲ್ಲ, ಅವರೇ ಎದ್ದು ಮಾಡ್ತಾರೆ. ಯಾರೂ ಎತ್ತೋಕೆ ಓಡ್ಬೇಡಿ. ಮುಟ್ಟಿದ್ರೆ ಫೇಲು."

ಕೊನೆಯ ಸರದಿ ಬಳೆ ಅಂಗಡಿಯವರ ಮಗಳದು. ಆ ದಿನದ ಗೌರವಕ್ಕೆಂದು ಅವಳ ತಂದೆ ಹೊಸ ಬೂಟು ಹಾಕಿ ಬಂದಿದ್ದರು. ಬೂಟನ್ನು ಬಾಗಿಲಲ್ಲಿ ಬಿಟ್ಟು, ಹೊಸ ನೈಲಾನ್ ಕಾಲುಚೀಲದಲ್ಲಿ ಕುರ್ಚಿಯ ತುದಿಗೆ ಕೂತಿದ್ದರು. ಹುಡುಗಿ ಪರೀಕ್ಷಕರತ್ತ ನೋಡಲೇ ಇಲ್ಲ. ನೆಲ ನೋಡುತ್ತ ಮೊದಲ ವೃತ್ತ ಮುಗಿಸಿದಳು. ಎರಡನೆಯದರ ನಡುವೆ, ಅದೇಕೋ, ತಲೆ ಎತ್ತಿದಳು. ಪರೀಕ್ಷಕರು ಅವಳನ್ನೇ ನೋಡುತ್ತಿದ್ದರು. ಕಾಲು ತಡವರಿಸಿತು. ಬಿದ್ದಳು.

ಬಿದ್ದವಳು ಏಳಲಿಲ್ಲ. ಅಂಗೈಯನ್ನು ನೆಲಕ್ಕೂರಿ, ತಲೆ ತಗ್ಗಿಸಿ ಕೂತುಬಿಟ್ಟಳು. ಅತ್ತಿಗೆ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನನಗೇ ಕೂಗು ಬರುವುದರಲ್ಲಿತ್ತು. ಅಷ್ಟರಲ್ಲಿ, "ಬೇಟೀ!" ಎಂಬ ದನಿಯೊಂದಿಗೆ ಬಳೆ ಅಂಗಡಿಯವರು ಕಣಕ್ಕೆ ಹಾರಿದರು.

ಓಡಿದ್ದು ಮೂರು ಹೆಜ್ಜೆ ಮಾತ್ರ. ಆಮೇಲೆ ನೆಲವೇ ಅವರನ್ನು ಕೊಂಡೊಯ್ದಿತು. ಸ್ಥೂಲಕಾಯದ ಆ ಸಜ್ಜನರು ಒಂಟಿಗಾಲಿನ ಮೇಲೆ, ಇನ್ನೊಂದು ಕಾಲು ಹಿಂದಕ್ಕೆ ಚಾಚಿ, ಕೈಗಳನ್ನು ರೆಕ್ಕೆಯಂತೆ ಹರಡಿ, ಮಗಳ ಪಕ್ಕದಿಂದ ಅವಳನ್ನು ಮುಟ್ಟದೆ ತೇಲಿ ಹೋಗಿ, ಪರೀಕ್ಷಕರ ಮೇಜಿನ ಮುಂದೆ ಧೊಪ್ಪೆಂದು ಕುಕ್ಕರಿಸಿದರು.

ಪರೀಕ್ಷಕರು ಹಾಳೆ ತಿರುವಿದರು. "ತಮ್ಮ ಹೆಸರು ಇದರಲ್ಲಿ ಇಲ್ಲವಲ್ಲ?"

ಮೊದಲು ನಕ್ಕದ್ದು ಹುಡುಗಿ. ನಗುತ್ತ ನಗುತ್ತಲೇ ತಾನಾಗಿ ಎದ್ದಳು, ಜಾರಿಕೊಂಡು ತಂದೆಯ ಬಳಿಗೆ ಹೋದಳು, ಎರಡೂ ಕೈ ಕೊಟ್ಟು ಅವರನ್ನು ಎಬ್ಬಿಸಿದಳು.

"ಪೆಟ್ಟಾಯ್ತಾ ಮಗಾ?" ಎಂದರು ಅವರು, ಸೊಂಟ ಹಿಡಿದುಕೊಂಡು.

"ನಂಗೆಂತ ಆಗ್ಲಿಲ್ಲ ಅಬ್ಬಾ. ನೀವು ಹೊರಗೆ ಕೂತ್ಕೊಳ್ಳಿ. ಪರೀಕ್ಷೆ ನಂದು!"

ಹಾಲಿನ ಕೊನೆಯವರೆಗೂ ಕೇಳಿಸಿತು. ಅವಳಿಗೆ ಅಷ್ಟು ದೊಡ್ಡ ದನಿಯಿದೆಯೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಪರೀಕ್ಷಕರ ಕನ್ನಡಕವನ್ನು ನೇರವಾಗಿ ನೋಡಿ, "ಸರ್, ಎರಡನೇ ಸುತ್ತು ಇನ್ನೊಂದ್ಸಲ ಮಾಡ್ಲಾ?" ಎಂದು ಕೇಳಿದಳು.

"ಮಾಡಮ್ಮ," ಎಂದರು ಅವರು.

ಮಾಡಿದಳು. ಆ ವೃತ್ತವನ್ನು ವರ್ಣಿಸಲು ನಾನು ಓದಿದ ಅಲಂಕಾರಶಾಸ್ತ್ರವೆಲ್ಲ ಸಾಲದು. ಪಕ್ಕದಲ್ಲಿ ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡಳು ಎಂದಷ್ಟೇ ಹೇಳುತ್ತೇನೆ.

ಉಳಿದ ಸುತ್ತುಗಳೂ ಮುಗಿದು ಫಲಿತಾಂಶ ಓದಿದಾಗ ಅವಳ ಹೆಸರು ಪಾಸಾದವರಲ್ಲಿ ಮೊದಲನೆಯದಾಗಿತ್ತು. ಎಲ್ಲರೂ ಚದುರಿದ ಮೇಲೆ ತಂದೆ ಬೂಟುಗಳನ್ನು ಎದೆಗವಚಿಕೊಂಡು ಪರೀಕ್ಷಕರ ಬಳಿ ಬಂದರು.

"ಸಾರ್, ನಾನು ಓಡಿ ಬಂದದ್ದಕ್ಕೆ ಅವಳ ಮಾರ್ಕ್ಸ್ ಏನಾದ್ರೂ ಹೋಯ್ತಾ?"

"ಇಲ್ಲ ಯಜಮಾನರೇ. ನೀವು ಅವಳನ್ನು ಮುಟ್ಟಲಿಲ್ಲ, ಅವಳೇ ನಿಮ್ಮನ್ನು ಎತ್ತಿದಳು. ಅದಕ್ಕೆ ಯಾವ ನಿಯಮವೂ ಇಲ್ಲ. ಅಂದಹಾಗೆ, ಒಂಟಿಗಾಲಿನ ಭಂಗಿಯಲ್ಲಿ ನಿಮ್ಮದೂ ಪಾಸು. ನಿಲ್ಲಿಸುವುದರಲ್ಲಿ ಮಾತ್ರ ಫೇಲು. ಅದೊಂದನ್ನು ಕಲಿತುಕೊಳ್ಳಿ."

ಬಳೆ ಅಂಗಡಿಯವರು ನಗಲಿಲ್ಲ. ಬಹಳ ಗಂಭೀರವಾಗಿ ಯೋಚಿಸಿ ಹೇಳಿದರು: "ಅದು ಫೇಲೇ ಇರ್ಲಿ ಸಾರ್. ಅವಳು ಬಿದ್ರೆ ಮತ್ತೆ ಓಡ್ತೀನಿ. ನಿಲ್ಲೋದು ನನ್ನಿಂದ ಆಗ್ಲಿಕ್ಕಿಲ್ಲ."

ಸ್ಕೇಟಿನ ಲಾಡಿ ಬಿಚ್ಚುತ್ತಿದ್ದ ಮಗಳು ತಲೆಯೆತ್ತದೆ ಅಂದಳು:

"ಹಂಗಾದ್ರೆ ಇನ್ಮುಂದೆ ಕಾಲುಚೀಲ ಬಿಚ್ಚಿಟ್ಟು ಓಡಿ, ಅಬ್ಬಾ."