ಬೂದಿ ಕಸವೇ ಎಂಬ ಪ್ರಶ್ನೆ

ವೆರಾಕ್ರೂಸ್ ಸೀಮೆಯ ಸಾನ್ ಗಾಬಿನೊ ಪಟ್ಟಣದಲ್ಲಿ, ಸಕ್ಕರೆ ಕಾರ್ಖಾನೆಯವರು ಕಬ್ಬಿನ ಸಿಪ್ಪೆ ಸುಟ್ಟ ಬೂದಿಯು ಸದರಿ ವರ್ಷದ ಮಾರ್ಚ್ ಒಂದರವರೆಗೆ ಕಸವಾಗಿತ್ತು. ಅಂದು ಸರ್ಕಾರವು, ಕಾಂಕ್ರೀಟಿಗೆ ನಾಲ್ಕು ಪಾಲು ಸಿಮೆಂಟಿನೊಡನೆ ಒಂದು ಪಾಲು ಇಂಥ ಕಸ ಬೆರೆಸಬಹುದೆಂದು ಅಪ್ಪಣೆ ಹೊರಡಿಸಿ, ಅದಕ್ಕೊಂದು ಕಚೇರಿಯನ್ನೂ ತೆರೆಯಿತು.

ಬಟ್ಟೆ ಒಗೆದು ಬದುಕುವ ಎಲ್ಪಿಡಿಯಾಳಿಗೆ ಹೋದ ಜೀವ ಬಂದಂತಾಯಿತು. ಅವಳ ಮನೆಯ ಗೋಡೆ ಎದ್ದಿತ್ತು, ತಾರಸಿಗೆ ಸಿಮೆಂಟು ಸಾಲದಾಗಿತ್ತು. ಮೇ ಮೂರು, ಗಾರೆಯವರು ಹೊಸ ಮನೆಯ ಮೇಲೆ ಶಿಲುಬೆ ನೆಡುವ ಹಬ್ಬ. ಅಷ್ಟರೊಳಗೆ ತಾರಸಿ ಹಾಕಿಸಿದರೆ ಮೇಲೆ ಹೂವಿನ ಶಿಲುಬೆ, ಕೆಳಗೆ ಊಟ. ಇಲ್ಲವಾದರೆ ಜೂನಿನ ಮಳೆ ನೇರ ಹಾಸಿಗೆಗೆ.

"ಬೂದಿ ಬೇಕಿತ್ತು, ಸಾಹೇಬ್ರೇ."

"ಕಸ ಅಂತ ಪ್ರಮಾಣಪತ್ರ ತಂದಿದೀರಾ ತಾಯಿ?" ಎಂದರು ಬೂದಿ ಅಧಿಕಾರಿ ಲಿಯೋಬಾರ್ದೊ. "ಯೋಜನೆ ಕಸಕ್ಕೆ ಮಾತ್ರ."

ಪ್ರಮಾಣಪತ್ರ ಕೇಳಲು ಹೋದರೆ ಕಾರ್ಖಾನೆಯ ಗುಮಾಸ್ತ ಅಡ್ಡಡ್ಡ ತಲೆಯಾಡಿಸಿದ. "ಕಸ ಅಂತ ಹೆಂಗಮ್ಮಾ ಬರ್ಕೊಡ್ಲಿ? ಉಪಯೋಗಕ್ಕೆ ಬರುತ್ತೆ ಅಂತ ಸರ್ಕಾರವೇ ಹೇಳ್ತಿದೆ. ನಿನ್ನೆಯಿಂದ ಅದಕ್ಕೆ ಕಾವಲುಗಾರ ಬೇರೆ!"

ಎಲ್ಪಿಡಿಯಾಳ ಪಿತ್ತ ನೆತ್ತಿಗೇರಿತು. ಒಗೆದು ಹರವಿದ್ದ ದುಪ್ಪಟಿಯ ಮೇಲೆ ಎಂದಿನಂತೆ ಕಾರ್ಖಾನೆಯ ಚಿಮಣಿಯ ಬೂದಿ ಉದುರಿತ್ತು, ಅದನ್ನು ಹಾಗೇ ಸುತ್ತಿ ತಂದು ಅಧಿಕಾರಿಯ ಮೇಜಿನ ಮೇಲೆ ಕೊಡವಿದಳು. "ಇದೇನು, ಗಂಧದ ಪುಡಿಯಾ? ಇಪ್ಪತ್ತು ವರ್ಷದಿಂದ ಒಗೆದಿದ್ದನ್ನೇ ಒಗೀತಿದೀನಿ!"

ಅಧಿಕಾರಿಗಳು ನಿಯಮಾವಳಿ ತಿರುವಿದರು. "ದೂರು ಕೊಟ್ಟರೆ ಇದು ಕಸವೇ. ಕೊಡಿ ತಾಯಿ, ದೂರು ಕೊಡಿ."

ಅಂದಿನಿಂದ ಬೀದಿಯ ಹೆಂಗಸರೆಲ್ಲ ಒಣಗಿದ ದುಪ್ಪಟಿಗಳನ್ನೇ ಹರವಿ, ಸಂಜೆ ಎಲ್ಪಿಡಿಯಾಳ ಗೋಣಿಗೆ ಕೊಡವಿ, ದಿನಕ್ಕೊಂದು ದೂರು ಬರೆದರು. ಗಾಳಿ ತಿರುಗಿದ ದಿನ ಬೂದಿ ಬೀಳಲಿಲ್ಲವೆಂದು ದೂರಿದರು, ಅದೂ ಸ್ವೀಕೃತವಾಯಿತು. ಮೇಸ್ತ್ರಿ ತಿಬುರ್ಸಿಯೊ ಬೂದಿ ಜರಡಿ ಹಿಡಿದು, ಏಪ್ರಿಲಿನಲ್ಲೇ ತಾರಸಿ ಹಾಕಿಕೊಟ್ಟ.

ಹಬ್ಬದ ದಿನ ಅಧಿಕಾರಿಗಳು ಬಾಳೆಲೆಯಲ್ಲಿ ಬೇಯಿಸಿದ ಮೆಕ್ಕೆಜೋಳದ ಕಡುಬು, ತಮಾಲೆಯನ್ನು ಮೂರು ಸಲ ಬಡಿಸಿಕೊಂಡು, ತಾರಸಿ ತಟ್ಟಿ ನೋಡಿ, ವರದಿ ಓದಿದರು: "ಸದರಿ ಬೂದಿಯು ಉಪಯೋಗಕ್ಕೆ ಬಂದಿರುವುದರಿಂದ ಕಸವಲ್ಲ. ಕಸವಲ್ಲವಾದ್ದರಿಂದ ಬೆರೆಸಲು ಅನುಮತಿಯಿಲ್ಲ. ಅನುಮತಿಯಿಲ್ಲವಾದ್ದರಿಂದ ಈ ಮನೆಗೆ ತಾರಸಿ ಇರುವುದಿಲ್ಲ."

ಎಲ್ಪಿಡಿಯಾ ಬಡಿಸುತ್ತಿದ್ದ ತಟ್ಟೆ ಕೆಳಗಿಟ್ಟಳು. "ಅಯ್ಯೋ, ಕೆಡವ್ತೀರಾ?"

"ಇಲ್ಲದ್ದನ್ನ ಹೆಂಗೆ ತಾಯಿ ಕೆಡವೋದು?"

ಎಲ್ಲರಿಗೂ ಇದು ನ್ಯಾಯವೆನಿಸಿತು. ತಿಬುರ್ಸಿಯೊ ಇನ್ನೊಂದು ತಮಾಲೆ ಹಾಕಿಸಿಕೊಂಡ.

ಜೂನಿನಲ್ಲಿ ಮಳೆ ಧೋ ಎಂದು ಸುರಿಯಿತು. ಎಲ್ಪಿಡಿಯಾಳ ಹಾಸಿಗೆಗೆ ಒಂದು ಹನಿಯೂ ಬೀಳಲಿಲ್ಲ. ತೊಯ್ದು ತೊಪ್ಪೆಯಾದ ಲಿಯೋಬಾರ್ದೊ ಬಾಗಿಲಿಗೆ ಬಂದರು.

"ಒಳಗೆ ಬನ್ನಿ ಸಾಹೇಬ್ರೇ. ದಾಖಲೆ ಪ್ರಕಾರ ಇಲ್ಲೂ ನೆನೀಬೇಕಾಗುತ್ತೆ, ಅಷ್ಟೆ."

ಅಧಿಕಾರಿಗಳು ಒಳಗೆ ಬಂದು, ಬಿಸಿ ಕಾಫಿ ಹೀರಿ, ಬಹಳ ಹೊತ್ತು ಮೇಲೆಯೇ ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ಆ ಮೇಸ್ತ್ರಿನ ನಮ್ಮನೆಗೂ ಕಳಿಸಿ ತಾಯಿ. ನಮ್ಮ ತಾರಸಿಗೆ ಎಲ್ಲಾ ದಾಖಲೆ ಇದೆ. ಸೋರ್ತಾ ಇದೆ."