ಮೂಲೆ ಬಾಗಿಸುವ ಅಚ್ಚು

೧೯೬೧, ಫೆಬ್ರವರಿ ೭, ಮಂಗಳವಾರ. ಬೆಳಿಗ್ಗೆ ಮಂಜು, ಹತ್ತು ಗಂಟೆಗೆ ಸುಡುವ ಬಿಸಿಲು.

ಗಾರೆ ಕೆಲಸದವನು ಬಾಯಿ ಮುಚ್ಚಿ ದುಡಿದರೂ ಇಂಥ ಫಜೀತಿಗಳು ಅವನನ್ನು ಹುಡುಕಿಕೊಂಡು ಬರುತ್ತವೆ. ಆ ದಿನ ವಾಮದಪದವಿನ ಒಬ್ಬ ಧನಿಗಳ ಹೊಸ ಮನೆಯಲ್ಲಿ ಕೆಲಸ ಸುರುಮಾಡಿದೆ. ಗೋಡೆಯೂ ತಾರಸಿಯೂ ಸೇರುವ ಮೂಲೆಯನ್ನು ಗಾರೆಯಲ್ಲಿ ಒಳಬಾಗಿಸಬೇಕು. ಅದಕ್ಕೆ ತಗಡಿನ ಅಂಚಿನ ಮರದ ಅಚ್ಚು; ಹಸಿ ಗಾರೆಯ ಮೇಲೆ ಕೈ ನಡುಗದೆ ಎಳೆಯಬೇಕು. ನನ್ನದು ತೀರಿಹೋದ ಮಾವ, ಹೆಂಡತಿಯ ಅಪ್ಪ, ಹಲಸಿನಲ್ಲಿ ಕೆತ್ತಿಕೊಟ್ಟದ್ದು. ಹೊರಡುವಾಗ ಹೆಂಡತಿ "ಜಾಗ್ರತೆ" ಎಂದಳು. ನನ್ನ ಬಗ್ಗೆ ಅಲ್ಲ.

೧. ಬೆಲ್ಲ

ಸುಣ್ಣದ ಗಾರೆಗೆ ಬೆಲ್ಲದ ನೀರು ಬೆರೆಸಿದರೆ ಅಂಟು ಹೆಚ್ಚು. ಬೆಲ್ಲ ನಮ್ಮ ಹೊಟ್ಟೆಗೆ ಹೋಗುತ್ತದೆಂದು ಧನಿಗಳಿಗೆ ಗುಮಾನಿ.

"ಹಾಕಿದ್ದು ಹೌದೋ?"

"ಹೌದು ಧನಿ."

"ನೋಡುವ" ಎಂದು ಬೆರಳದ್ದಿ ನೆಕ್ಕಿದರು. ನಾಲಗೆ ಸುಟ್ಟು ಎರಡು ದಿನ ಮಾತಿಲ್ಲ. ಇಡೀ ಕೆಲಸದಲ್ಲಿ ನೆಟ್ಟಗೆ ಸಾಗಿದ್ದು ಆ ಎರಡು ದಿನ.

೨. ಬಾಟಲಿ

ಅಚ್ಚು ಎಳೆದ ಮೇಲೆ ಬಾಗನ್ನು ಬಾಟಲಿಯ ಹೊಟ್ಟೆಯಿಂದ ಉಜ್ಜಿ ನುಣುಪು ಮಾಡಬೇಕು. ಜೊತೆಯ ಆಳು ಎಲ್ಲಿಂದಲೋ ಒಂದು ಸಾರಾಯಿ ಬಾಟಲಿ ತಂದ. ಆಗ ಪಾನನಿರೋಧದ ಕಾಲ; ಅದರ ಬಗ್ಗೆ ಊರಲ್ಲಿ ಭಾಷಣ ಮಾಡುವವರೇ ನಮ್ಮ ಧನಿಗಳು. ಅಂಗಳಕ್ಕೆ ಎಸೆದರು, ಒಡೆಯಿತು.

"ಉಜ್ಜದಿದ್ದರೆ ಬಿರುಕು ಬಿಡ್ತದೆ ಧನಿ" ಎಂದೆ.

ಗಾರೆ ಒಣಗುತ್ತಿತ್ತು. ಧನಿಗಳು ಒಳಗೆ ಹೋಗಿ ಉರುಟಾದ ವಿಲಾಯಿತಿ ಬಾಟಲಿಯೊಂದನ್ನು ತಂದರು. "ಕೆಮ್ಮಿನ ಔಷಧದ್ದು."

ಆಳು ಮೂಸಿ ನೋಡಿದ. "ಈ ಕೆಮ್ಮು ನನಗೂ ಉಂಟು ಧನಿ."

೩. ಅಚ್ಚು

ಮನೆ ಒಕ್ಕಲಿನ ದಿನ ಮೂಡುಬಿದಿರೆಯಿಂದ ಬಂದ ಧನಿಗಳ ಭಾವ ತಲೆ ಎತ್ತಿ ನೋಡಿದರು. "ನನ್ನ ಮನೆಗೂ ಇದೇ ಬಾಗು ಬೇಕು ಮೇಸ್ತ್ರಿ. ಮಳೆಗೆ ಮೊದಲು ಬನ್ನಿ."

ಧನಿಗಳು ಕೇಳಿಸಿಕೊಂಡರು. ನಾನು ಊಟ ಮುಗಿಸಿ ಬಂದರೆ ಅಚ್ಚು ಇಲ್ಲ.

"ನನ್ನ ಕಪಾಟಿನಲ್ಲಿ ಉಂಟು" ಎಂದರು. "ಈ ಬಾಗು ನನ್ನ ಮನೆಯಲ್ಲಿ ಮಾತ್ರ ಇರಲಿ."

"ಅದು ನನ್ನ ಮಾವನದ್ದು ಧನಿ."

"ಕೂಲಿಯದ್ದು, ಅಚ್ಚಿನದ್ದು, ಎಲ್ಲ ನಾಳೆ ಮಾತಾಡುವ."

ಆ ನಾಳೆ ಮಳೆಗಾಲವನ್ನೂ ದಾಟಿತು. ಬೇರೆ ಅಚ್ಚು ಕೆತ್ತಿಸಿ ನೋಡಿದೆ. ಆ ಬಾಗು ಬರಲಿಲ್ಲ. ಕಾದು ಸಾಕಾದ ಭಾವ ಬೇರೆಯವರಿಂದ ಮೂಲೆಗಳನ್ನು ನೇರವಾಗಿಯೇ ಮಾಡಿಸಿದರು. ಸುದ್ದಿ ತಿಳಿದದ್ದೇ ಧನಿಗಳು ನನ್ನನ್ನು ಕರೆಸಿ, ಕಾಗದದಲ್ಲಿ ಸುತ್ತಿದ ಕಟ್ಟೊಂದನ್ನು ಕೈಗಿಟ್ಟರು. "ಇನ್ನು ನಮ್ಮ ನಿಮ್ಮ ಲೆಕ್ಕ ಚುಕ್ತಾ."

ಮನೆಯಲ್ಲಿ ಹೆಂಡತಿ ಕಟ್ಟು ಬಿಚ್ಚಿ, ಅಚ್ಚನ್ನು ಸೆರಗಿನಿಂದ ಒರೆಸತೊಡಗಿದಳು.

"ಅಪ್ಪನ ಅಚ್ಚು ಬಂತಲ್ಲ, ಸಾಕು. ಕೂಲಿ ಏನು ಕೊಟ್ಟರು?"

"ಅದನ್ನೇ ನೀನು ಒರೆಸುತ್ತಿರುವುದು" ಎಂದೆ.